ಅಪ್‌ಡೇಟ್: ಅತ್ತಿ ತೊಗಟೆ ಕಷಾಯದ ವಿಷಯ

ಮಲದ್ವಾರದ ಉರಿಗೆ ಅತ್ತಿ ತೊಗಟೆ ಕುದಿಸಿದ ನೀರಲ್ಲಿ ಕೂರಬಹುದಾ ಅಂತ ಕೇಳಿದ್ದೆ. ಜಗಳೂರಿನ ದೊಡ್ಡಪ್ಪ ಮೂಲವ್ಯಾಧಿ ಅಂತಲೇ ತೀರ್ಮಾನಿಸಿ ಚೀಲಗಟ್ಟಲೆ ತೊಗಟೆ ಕಳಿಸಿದ್ದರು. ದಾವಣಗೆರೆಯಲ್ಲಿ ಸರ್ಜನ್‌ಗೆ ತೋರಿಸಿದೆ. ಮೂಲವ್ಯಾಧಿ ಅಲ್ಲ, ಫಿಶರ್. ಅಂದರೆ ಒಳಚರ್ಮ ಬಿರಿದಿದೆ.

ತೊಗಟೆಯಲ್ಲಿ ಟ್ಯಾನಿನ್ ಇದೆ, ಒಗರು, ಚರ್ಮ ಬಿಗಿಯುತ್ತದೆ, ನಿಜ. ಆದರೆ ಬಿರುಕು ಮಾಗಿಸುತ್ತದೆ ಅನ್ನೋಕೆ ಗಟ್ಟಿ ಆಧಾರ ಇಲ್ಲ. ಹಾಯ್ ಅನಿಸೋದು ಬಿಸಿನೀರಿಂದಲೇ, ಬಿಗಿದ ಸ್ನಾಯು ಸಡಿಲಾಗುತ್ತದೆ. ಟಬ್ಬಿಗೆ ಹತ್ತಿದ ಕಂದು ಕಲೆ ಮಾತ್ರ ಉಜ್ಜಿದರೂ ಹೋಗ್ತಿಲ್ಲ!

ಕೆಲವರು ಹೇಳಿದ ಕ್ಷಾರಸೂತ್ರ ಬೇರೆ ಮಾತು. ಅದು ತೊಗಟೆಯಲ್ಲ, ಕಳ್ಳಿ ಹಾಲು, ಉತ್ತರಾಣಿ ಕ್ಷಾರ, ಅರಿಶಿನ ಬಳಿದ ದಾರ. ಭಗಂದರಕ್ಕೆ, ಅಂದರೆ ಮಲದ್ವಾರದ ಪಕ್ಕ ಕೀವು ಸೋರುವ ತೂತಿಗೆ (ಫಿಸ್ಟುಲಾ), ಬಳಸುತ್ತಾರೆ. 1991ರಲ್ಲಿ ಪ್ರಕಟವಾದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಪ್ರಯೋಗದಲ್ಲಿ ಆಪರೇಷನ್‌ಗಿಂತ ವಾಸಿಗೆ ಜಾಸ್ತಿ ದಿನ ಹಿಡಿದರೂ ಮರುಕಳಿಸಿದ್ದು ಕಡಿಮೆ.

ನನಗೆ ಈಗ ಬರೀ ಬಿಸಿನೀರು, ಇಸಬಗೋಲು, ಮುಲಾಮು. ಮಂಡಕ್ಕಿ ಜೊತೆ ಮಿರ್ಚಿ ಬಂದ್. ಉರಿ ಇಳಿದಿದೆ. ಮತ್ತೆ ರಕ್ತ ಕಂಡರೆ ಸುಮ್ನೆ ಕೂರದೆ ಬನ್ನಿ ಅಂತ ಸರ್ಜನ್ ಅಂದಿದ್ದಾರೆ.