ಅಪ್‌ಡೇಟ್: ಐಗನ್‌ವೆಕ್ಟರ್ ಕೊನೆಗೂ ಅರ್ಥವಾಯಿತು

ಮ್ಯಾಟ್ರಿಕ್ಸ್‌ನ (ಸಾಲು-ಕಂಬಗಳಲ್ಲಿ ಜೋಡಿಸಿದ ಸಂಖ್ಯೆಗಳು) ಐಗನ್‌ವ್ಯಾಲ್ಯೂ ಕಂಡುಹಿಡಿಯಲು ಬರುತ್ತದೆ, ಆದರೆ ಅದು ಏನು ಅಂತಲೇ ಗೊತ್ತಿಲ್ಲ ಎಂದು ಹೋದ ವಾರ ಕೇಳಿದ್ದೆ ಅಲ್ವಾ? ಈಗ ಗೊತ್ತಾಯಿತು!

ಕೈಹಿಡಿದದ್ದು "ಗ್ರಾಫ್ ಹಾಳೆಯಲ್ಲಿ ಬಾಣ ಬರೆದು ನೋಡು" ಅಂದ ಅಕ್ಕನ ಮಾತು. ಕೋಲಾರ ಬಸ್ ಸ್ಟ್ಯಾಂಡ್ ಹತ್ತಿರ ಗ್ರಾಫ್ ಪುಸ್ತಕ ತಗೊಂಡು ರಾತ್ರಿಯೇ ಕೂತೆ. ಮ್ಯಾಟ್ರಿಕ್ಸ್‌ನ ಮೊದಲ ಸಾಲು 2, 1. ಎರಡನೆಯದು 1, 2. ಅದರಿಂದ (1, 0) ಬಾಣವನ್ನು ಗುಣಿಸಿದರೆ (2, 1), ಬಾಣ ವಾಲಿತು. (1, 1) ಗುಣಿಸಿದರೆ (3, 3). ದಿಕ್ಕು ಅದೇ, ಉದ್ದ ಮಾತ್ರ ಮೂರು ಪಟ್ಟು! (1, -1) ಇದ್ದ ಹಾಗೇ ಇತ್ತು. ದಿಕ್ಕು ಬದಲಾಗದ ಈ ಬಾಣಗಳೇ ಐಗನ್‌ವೆಕ್ಟರ್‌ಗಳು. ಉದ್ದ ಎಷ್ಟು ಪಟ್ಟಾಯಿತು ಅಂತ ಹೇಳುವ ಆ 3 ಮತ್ತು 1, ಅವೇ ಐಗನ್‌ವ್ಯಾಲ್ಯೂಗಳು. ಪೆನ್ಸಿಲ್ ಕೆಳಗಿಟ್ಟು ಸುಮ್ನೆ ನೋಡುತ್ತಾ ಕೂತೆ.

ಹಳೇ ಪ್ರಶ್ನೆಪತ್ರಿಕೆ ಬಿಡಿಸು ಅಂದಿದ್ದರು ಕೆಲವರು. ಅದರಿಂದ ವೇಗ ಬಂತು, ಅರ್ಥ ಬರಲಿಲ್ಲ.

ಇನ್ನೊಂದು ವಿಷಯ ನಾನು ಊಹಿಸಿಯೇ ಇರಲಿಲ್ಲ. ಅದೇ ಮ್ಯಾಟ್ರಿಕ್ಸ್ ಹಾಕಿದಾಗ ಒಂದು ಚೌಕ ಓರೆಯಾಗಿ, ಮೂರು ಚೌಕದಷ್ಟು ಜಾಗ ಹಿಡಿಯಿತು. ಮ್ಯಾಟ್ರಿಕ್ಸ್‌ನ ಸಂಖ್ಯೆಗಳಿಂದ ಲೆಕ್ಕಹಾಕುವ ಡಿಟರ್ಮಿನೆಂಟ್ (2×2 − 1×1) ಕೂಡ 3! 'ಐಗನ್' ಅಂದರೆ ಜರ್ಮನ್‌ನಲ್ಲಿ 'ತನ್ನದೇ' ಎಂದಂತೆ. 1904ರಲ್ಲಿ ಗಣಿತಜ್ಞ ಹಿಲ್ಬರ್ಟ್ ಬಳಸಿದ ಪದ. ತನ್ನದೇ ದಿಕ್ಕು ಬಿಡದ ಬಾಣಕ್ಕೆ ಎಷ್ಟು ಚೆನ್ನಾಗಿ ಒಪ್ಪುತ್ತದೆ!

ಅಕ್ಕಾ, ತುಂಬಾ ಥ್ಯಾಂಕ್ಸ್. ಮುಂದಿನ ವಾರ ಡಯಾಗೊನಲೈಸೇಶನ್ (ಐಗನ್‌ವೆಕ್ಟರ್ ಬಳಸಿ ಮ್ಯಾಟ್ರಿಕ್ಸನ್ನು ಸರಳ ರೂಪಕ್ಕೆ ತರುವುದು) ಶುರು, ಗ್ರಾಫ್ ಪುಸ್ತಕ ಬ್ಯಾಗ್‌ನಲ್ಲೇ ಇದೆ.