ಟೆರಿಯರ್ ತರಬೇತಿ: ತಿಂಡಿ ಕೊಟ್ಟು ಕಲಿಸಬೇಕಾ, ಗದರಿಸಿ ಕಲಿಸಬೇಕಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮ ಜ್ಯಾಕ್ ರಸೆಲ್ ಟೆರಿಯರ್ ನಾಯಿಗೆ ಈಗ 11 ತಿಂಗಳು. ಮನೆಯೊಳಗೆ ಚಿನ್ನದಂಥ ಹುಡುಗಿ. ಒಂದು ತುಣುಕು ತಿಂಡಿ ಇದ್ದರೆ ಹೇಳಿದ್ದೆಲ್ಲ ಕೇಳುತ್ತಾಳೆ. ಹೊರಗೆ ಅಳಿಲು ಕಂಡರೆ ಮುಗಿಯಿತು. ಕಿವಿ ನಿಮಿರುತ್ತದೆ, ಮುಂಗಾಲೊಂದು ಗಾಳಿಯಲ್ಲಿ ನಿಲ್ಲುತ್ತದೆ, ಮೂಗಿನ ಮುಂದೆ ತಿಂಡಿ ಹಿಡಿದರೂ ಮೂಸಿ ನೋಡಲ್ಲ.

ಕಳೆದ ವಾರ ಒಬ್ಬ ತರಬೇತುದಾರರು ಬಂದಿದ್ದರು. "ಯಜಮಾನ ಯಾರು ಅಂತ ತೋರಿಸಿ" ಅಂತ ಅವಳನ್ನು ಅಂಗಾತ ಕೆಡವಿ ಒತ್ತಿ ಹಿಡಿದರು. ಒದ್ದಾಡಿದಳು, ಆಮೇಲೆ ಕಣ್ಣಿನ ಬಿಳಿ ಕಾಣುವ ಹಾಗೆ ನೋಡುತ್ತಾ ಸುಮ್ಮನಾದಳು. ಅದು ವಿಧೇಯತೆ ಅಲ್ಲ, ಹೆದರಿಕೆ. ಆವತ್ತಿನಿಂದ ಕೊರಳಪಟ್ಟಿಗೆ ಕೈ ಹಾಕಿದರೆ ಗುರ್ ಅನ್ನುತ್ತಾಳೆ. ಮೊದಲು ಹೀಗಿರಲಿಲ್ಲ. ನಾನು ಅಲ್ಲೇ ತಡೆಯಬೇಕಿತ್ತು.

ನಾಯಿಗೆ ನಾವೇ ಗುಂಪಿನ ಯಜಮಾನ ಅಂತ ಬಲದಿಂದ ತೋರಿಸಬೇಕು ಅನ್ನುವ ಈ 'ಆಲ್ಫಾ' ವಾದ ಬೆಳೆದಿದ್ದೇ ಕೂಡಿಹಾಕಿದ್ದ ತೋಳಗಳನ್ನು ನೋಡಿ. ಕಾಡಿನ ತೋಳದ ಗುಂಪು ಸಾಮಾನ್ಯವಾಗಿ ಅಪ್ಪ, ಅಮ್ಮ, ಮರಿಗಳ ಸಂಸಾರ ಅಂತ ತೋಳಗಳ ತಜ್ಞ ಡೇವಿಡ್ ಮೆಕ್ 1999ರಲ್ಲೇ ಬರೆದಿದ್ದಾರೆ. ಮೇಲಾಗಿ ಜ್ಯಾಕ್ ರಸೆಲ್ ಬಿಲಕ್ಕೆ ನುಗ್ಗಿ ನರಿಯನ್ನು ಎದುರಿಸಲು ಬೆಳೆಸಿದ ತಳಿ. ಒತ್ತಿದಷ್ಟೂ ತಿರುಗಿ ಬೀಳುತ್ತದೆ ಅಲ್ವಾ?

ಹಾಗಂತ ಶಿಸ್ತೇ ಬೇಡ ಅಂತಲ್ಲ. ಈಗ ಉದ್ದ ಹಗ್ಗ ಕಟ್ಟಿ ಕರೆದೊಯ್ಯುತ್ತೇನೆ, ಎಳೆದರೆ ಸುಮ್ನೆ ನಿಂತುಬಿಡುತ್ತೇನೆ. ಅಳಿಲು ದೂರದಲ್ಲಿರುವಾಗಲೇ ನನ್ನ ಕಡೆ ತಿರುಗಿದರೆ ಜಗ್ಗಾಡುವ ಆಟಿಕೆ ಕೊಡುತ್ತೇನೆ. ತಿಂಡಿಗಿಂತ ಅದೇ ಜಾಸ್ತಿ ಇಷ್ಟ ಅವಳಿಗೆ.

ಟೆರಿಯರ್ ಸಾಕಿದವರು ದಯವಿಟ್ಟು ಹೇಳಿ. ಹೆದರಿಸದೆ 'ಬೇಡ' ಅನ್ನೋದನ್ನು ಹೇಗೆ ಕಲಿಸಿದಿರಿ? ಗದರುವುದನ್ನು ಪೂರ್ತಿ ಬಿಟ್ಟಿರಾ, ಎಲ್ಲಾದರೂ ಬಳಸಿದಿರಾ? ಕೊರಳಪಟ್ಟಿಯ ಭಯ ಬಿಡಿಸೋಕೆ ಎಲ್ಲಿಂದ ಶುರು ಮಾಡಲಿ?