ಕೇಮನ್ ಎಸ್ (987): ಮೆಲ್ಲಗೆ ಬ್ರೇಕ್ ಒತ್ತಿದರೆ ಮುಂದಿನ ಚಕ್ರದಲ್ಲಿ ಕೀರಲು ಸದ್ದು

ಬಸವನಗುಡಿ_ಚಾಲಕ:

ನಮಸ್ಕಾರ. ಗಾಡಿ 2008ರ ಪೋರ್ಶೆ ಕೇಮನ್ ಎಸ್ (987 ಅನ್ನುವ ಪೀಳಿಗೆಯದು), ಓಡಿರುವುದು 46,000 ಕಿ.ಮೀ. 1,500 ಕಿ.ಮೀ. ಹಿಂದೆ ಹೊರಗಿನ ಗ್ಯಾರೇಜೊಂದರಲ್ಲಿ ಮುಂದಿನ ಬ್ರೇಕ್ ಪ್ಯಾಡ್ ಬದಲಾಯಿಸಿದ್ದು. ಪ್ಯಾಡ್ ಟೆಕ್ಸ್ಟಾರ್ ಕಂಪನಿಯದು, ಡಿಸ್ಕ್ ಹಳೆಯವೇ. ತೊಂದರೆ ಶುರುವಾಗಿದ್ದು ಅಲ್ಲಿಂದ ಈಚೆಗೆ.

ಸಿಗ್ನಲ್ ಹತ್ತಿರ ಬಂದು ವೇಗ 20ಕ್ಕಿಂತ ಕೆಳಗಿಳಿದಾಗ, ಪೆಡಲ್ ಮೆಲ್ಲಗೆ ಒತ್ತಿದರೆ ಕಿವಿ ಚುಚ್ಚುವಂಥ ಕೀರಲು ಸದ್ದು. ಜೋರಾಗಿ ಒತ್ತಿದರೆ ಇಲ್ಲ. ಬೆಳಿಗ್ಗೆ ಮೊದಲ ನಾಲ್ಕೈದು ಬ್ರೇಕಿಗೆ ಇಲ್ಲ, ಬಿಸಿಯಾದ ಮೇಲೆ ಶುರು. ರಿವರ್ಸ್‌ನಲ್ಲಿ ಇಲ್ಲ. ಪೆಡಲ್ ಗಟ್ಟಿಯಾಗಿದೆ, ಗಾಡಿ ಯಾವ ಕಡೆಗೂ ಎಳೆಯುವುದಿಲ್ಲ, ಸ್ಟೀರಿಂಗ್ ನಡುಗುವುದಿಲ್ಲ, ಪ್ಯಾಡ್ ಸವೆತದ ದೀಪವೂ ಹತ್ತಿಲ್ಲ.

ಗ್ಯಾರೇಜಿನವರು ನಾಲ್ಕೂ ಡಿಸ್ಕ್ ಬದಲಾಯಿಸಿ ಅಂತಾರೆ. ಇನ್ನೊಬ್ಬರು ಪ್ಯಾಡ್ ಹಿಂದೆ ತಾಮ್ರದ ಗ್ರೀಸ್ ಬಳಿದರೆ ಸಾಕು ಅಂತಾರೆ. ದುಡ್ಡು ಸುರಿಯುವ ಮುಂಚೆ ಏನೇನು ನೋಡಬೇಕು?

ಪಾನಾ_ಪೆಟ್ಟಿಗೆ:

ಸರ್, ಸದ್ಯಕ್ಕೆ ಡಿಸ್ಕ್ ಮುಟ್ಟಬೇಡಿ. ನೀವು ಕೊಟ್ಟ ಲಕ್ಷಣಗಳಲ್ಲೇ ಅರ್ಧ ಉತ್ತರ ಇದೆ.

ಪ್ಯಾಡ್ ಡಿಸ್ಕಿನ ಮೇಲೆ ಕಚ್ಚಿ ಬಿಟ್ಟು, ಕಚ್ಚಿ ಬಿಟ್ಟು ಜಾರುವಾಗ ಡಿಸ್ಕ್ ಜಾಗಟೆಯ ಹಾಗೆ ಕಂಪಿಸುತ್ತದೆ. ಜಾಗಟೆಗೆ ಕೈಯಿಟ್ಟರೆ ಸದ್ದು ನಿಲ್ಲುತ್ತದಲ್ಲ, ಪೆಡಲ್ ಜೋರಾಗಿ ಒತ್ತಿದಾಗ ಇಲ್ಲೂ ಆಗುವುದು ಅದೇ. ಅಂದರೆ ಇದು ಬ್ರೇಕ್ ಹಿಡಿಯುತ್ತಿಲ್ಲ ಅನ್ನುವ ಸದ್ದಲ್ಲ, ಕಂಪನವನ್ನು ನುಂಗಬೇಕಾದ್ದು ಯಾವುದೋ ನುಂಗುತ್ತಿಲ್ಲ ಅನ್ನುವ ಸದ್ದು. ಬೆಳಿಗ್ಗೆ ಮಾತ್ರ ಕೂಗಿ ಆಮೇಲೆ ಸುಮ್ಮನಾಗಿದ್ದರೆ, ರಾತ್ರಿಯ ತೇವಕ್ಕೆ ಡಿಸ್ಕ್ ಮೇಲೆ ಹಿಡಿದ ತೆಳು ತುಕ್ಕು ಅಂತ ಬಿಟ್ಟುಬಿಡಬಹುದಿತ್ತು. ನಿಮ್ಮದು ಅದಕ್ಕೆ ತದ್ವಿರುದ್ಧ. ಗರಗರ ಅಂತ ಉಜ್ಜುವ ಸದ್ದಾಗಿದ್ದರೆ ಗಾಡಿ ಓಡಿಸಲೇಬೇಡಿ ಅನ್ನುತ್ತಿದ್ದೆ. ಅದು ಪ್ಯಾಡ್ ಮುಗಿದು ಕಬ್ಬಿಣಕ್ಕೆ ಕಬ್ಬಿಣ ತಾಗುವ ಲಕ್ಷಣ, ಇಲ್ಲವೇ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಕಲ್ಲು ಸಿಕ್ಕಿರುವುದು.

ಮೊದಲು ಯಾವ ಚಕ್ರ ಅಂತ ಗೊತ್ತಾಗಬೇಕು. ಉದ್ದದ ಕಾಂಪೌಂಡ್ ಗೋಡೆಯ ಪಕ್ಕ ಕಿಟಕಿ ಇಳಿಸಿ 15–20ರ ವೇಗದಲ್ಲಿ ಹೋಗಿ ಬ್ರೇಕ್ ಒತ್ತಿ, ಆಮೇಲೆ ತಿರುಗಿಸಿಕೊಂಡು ಇನ್ನೊಂದು ಮಗ್ಗುಲು ಗೋಡೆಗೆ ಬರುವಂತೆ ಮಾಡಿ. ಸದ್ದು ಗೋಡೆಗೆ ಬಡಿದು ಬರುವುದರಿಂದ ಎಡವೋ ಬಲವೋ ಸ್ಪಷ್ಟವಾಗುತ್ತದೆ. ನಂತರ 10 ಕಿ.ಮೀ. ಓಡಿಸಿ, ಕೊನೆಯ ಒಂದು ಕಿಲೋಮೀಟರ್ ಆದಷ್ಟು ಬ್ರೇಕ್ ಮುಟ್ಟದೆ ಬಂದು ನಿಲ್ಲಿಸಿ, ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ಎರಡೂ ಮುಂದಿನ ಡಿಸ್ಕಿನ ಶಾಖ ಅಳೆಯಿರಿ. ನಾಲ್ಕೈದು ಡಿಗ್ರಿ ವ್ಯತ್ಯಾಸ ಸಹಜ. ಒಂದು ಕಡೆ 60, ಇನ್ನೊಂದು ಕಡೆ 100 ಬಂದರೆ ಆ ಕಡೆ ಪ್ಯಾಡ್ ವಾಪಸ್ ಸರಿಯದೆ ಡಿಸ್ಕಿಗೆ ಒರಗಿಕೊಂಡೇ ಇದೆ ಅಂತ ಅರ್ಥ.

ಚಕ್ರ ಬಿಚ್ಚಿದ ಮೇಲೆ ಮುಖ್ಯವಾಗಿ ಡ್ಯಾಂಪರ್ ನೋಡಿ. ಈ ಗಾಡಿಯ ಕ್ಯಾಲಿಪರಿಗೆ (ಪ್ಯಾಡುಗಳನ್ನು ಡಿಸ್ಕಿನ ಎರಡೂ ಮಗ್ಗುಲಿಗೆ ಒತ್ತುವ ಭಾಗ) ನಾಲ್ಕು ಪಿಸ್ಟನ್. ಪ್ರತಿ ಪಿಸ್ಟನಿನ ಬಾಯಿಗೆ ಕೂರುವ, ಪ್ಯಾಡಿನ ಬೆನ್ನಿಗೆ ಅಂಟುವ ದುಂಡನೆಯ ಬಿಲ್ಲೆ ಇರುತ್ತದೆ. ಕಂಪನ ನುಂಗುವ ಕೆಲಸ ಅದರದ್ದು. ಕ್ಯಾಲಿಪರಿಗೆ 4, ಇಡೀ ಗಾಡಿಗೆ 16. ಅಂಟು ಒಂದು ಸಲಕ್ಕೆ ಮಾತ್ರ. ಪ್ಯಾಡ್ ಬದಲಾಯಿಸುವಾಗ ಹಳೆಯ ಬಿಲ್ಲೆಯನ್ನೇ ಕೂರಿಸಿದರೆ ಅಥವಾ ಎತ್ತಿ ಎಸೆದರೆ ಬರುವುದು ಸರಿಯಾಗಿ ನೀವು ಹೇಳಿದ ಸದ್ದು. ಪ್ಯಾಡ್ ಹಾಕಿಸಿದ ದಿನದಿಂದ ಶುರುವಾಗಿದೆ ಅಂದಿದ್ದರಿಂದ ನನ್ನ ಅನುಮಾನ ಮೊದಲು ಅಲ್ಲಿಗೇ ಹೋಗುತ್ತದೆ.

ಡಿಸ್ಕಿನ ದಪ್ಪವನ್ನೂ ಮೈಕ್ರೋಮೀಟರಿನಲ್ಲಿ ಅಳೆದುಬಿಡಿ. ಬರೀ ವರ್ನಿಯರ್ ಸ್ಕೇಲ್ ಹಿಡಿದರೆ ಅಂಚಿನ ದಿಬ್ಬ ಸೇರಿ ತಪ್ಪು ಲೆಕ್ಕ ಬರುತ್ತದೆ. ಎಸ್ ಮಾದರಿಗೆ ಮುಂದೆ ಹೊಸದರಲ್ಲಿ 28 ಮಿ.ಮೀ., ಸವೆತದ ಮಿತಿ 26. ಹಿಂದೆ 24 ಮತ್ತು 22. ಡಿಸ್ಕಿನಲ್ಲಿ ಕೊರೆದಿರುವ ತೂತುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಬಿರುಕು ಕೂಡಿಕೊಂಡಿದ್ದರೆ ಅಥವಾ ಬಿರುಕು ಅಂಚಿಗೆ ತಲುಪಿದ್ದರೆ ದಪ್ಪ ಎಷ್ಟೇ ಇರಲಿ, ಡಿಸ್ಕ್ ಬದಲಾಗಲೇಬೇಕು.

ಕರಾವಳಿ_ಗಾಳಿ:

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸಬೇಕು. ಕ್ಯಾಲಿಪರ್ ಅಲ್ಯುಮಿನಿಯಂ, ಪ್ಯಾಡಿನ ಎರಡು ತುದಿ ಜಾರುವ ಜಾಗಕ್ಕೆ ಸ್ಕ್ರೂ ಹಾಕಿ ಕೂರಿಸಿರುವ ಪಟ್ಟಿ ಸ್ಟೇನ್‌ಲೆಸ್ ಸ್ಟೀಲ್. ಎರಡು ಲೋಹದ ನಡುವೆ ಉಪ್ಪುನೀರು ಇಳಿದರೆ ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಉಬ್ಬುತ್ತದೆ, ಪಟ್ಟಿ ಮೇಲೆದ್ದು ಪ್ಯಾಡನ್ನು ಬಿಗಿ ಹಿಡಿಯುತ್ತದೆ. ಜರ್ಮನಿ, ಅಮೆರಿಕದ ಉತ್ತರ ಭಾಗದಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಹಾಕುವ ಕಡೆ ಇದು ಮಾಮೂಲಿ. ಮಂಗಳೂರು, ಕಾರವಾರದ ಕಡೆ ಸಮುದ್ರದ ಗಾಳಿಗೂ ಆಗಬಹುದು.

ಪರೀಕ್ಷೆ ಸುಲಭ. ಪ್ಯಾಡನ್ನು ಹಿಡಿದಿರುವ ಪಿನ್ ಮತ್ತು ಸ್ಪ್ರಿಂಗ್ ತೆಗೆದು, ಬಿಲ್ಲೆಯಿಂದ ಪ್ಯಾಡನ್ನು ಬಿಡಿಸಿ, ಬರಿಗೈಯಲ್ಲಿ ಹಿಂದೆ ಮುಂದೆ ಸರಿಸಿ. ಬೆರಳಿಗೆ ಸರಿಯಬೇಕು. ಸುತ್ತಿಗೆ ಬೇಕಾದರೆ ಪಟ್ಟಿ ಎದ್ದಿದೆ. ಆಗ ಪ್ಯಾಡಿನ ಕಿವಿಯನ್ನು (ಪಟ್ಟಿಯ ಮೇಲೆ ಜಾರುವ ತುದಿ) ಅರದಿಂದ ಉಜ್ಜಿ ತೆಳು ಮಾಡುವ ಅಡ್ಡದಾರಿ ಹಿಡಿಯಬೇಡಿ. ಕಾಯಿಲೆ ಇರುವುದು ಪಟ್ಟಿಯ ಅಡಿಯಲ್ಲಿ.

ಬಸವನಗುಡಿ_ಚಾಲಕ:

ಇಬ್ಬರಿಗೂ ತುಂಬಾ ಧನ್ಯವಾದ. ನೋಡಿದೆ. ಸದ್ದು ಎಡಗಡೆ. ಶಾಖ: ಎಡ 104, ಬಲ 63. ಡಿಸ್ಕ್ ಎರಡೂ 27.2 ಮಿ.ಮೀ., ಬಿರುಕಿಲ್ಲ. ಎಡಗಡೆ ಒಳಗಿನ ಪ್ಯಾಡಿಗೆ ಎರಡು ಬಿಲ್ಲೆಯೂ ಇಲ್ಲವೇ ಇಲ್ಲ, ಹೊರಗಿನದಕ್ಕೆ ಹಳೆಯದನ್ನೇ ಹಾಕಿದ್ದಾರೆ. ಒಳಗಿನ ಪ್ಯಾಡ್ ಕೈಗೆ ಸರಿಯುತ್ತಿಲ್ಲ. ಪ್ಯಾಡಿನ ಮೈ ಗಾಜಿನ ಹಾಗೆ ಹೊಳೆಯುತ್ತಿದೆ, 9 ಮಿ.ಮೀ. ಉಳಿದಿದೆ. ಈಗ ಯಾವ ಕ್ರಮದಲ್ಲಿ ಕೆಲಸ ಮಾಡಿಸಲಿ? ಈ ಪ್ಯಾಡ್ ಉಳಿಸಿಕೊಳ್ಳಬಹುದಾ?

ಪಾನಾ_ಪೆಟ್ಟಿಗೆ:

ಹಾಗಾದರೆ ಎರಡೂ ಕಾರಣ ಒಟ್ಟಿಗೇ ಸಿಕ್ಕಿದವು. ಪ್ಯಾಡ್ ಒರಗಿಕೊಂಡು ಬಿಸಿಯಾಗಿ ಮೈ ಗಾಜುಗಟ್ಟಿದೆ, ಕಂಪನ ನುಂಗಲು ಬಿಲ್ಲೆಯೂ ಇಲ್ಲ. ಪ್ಯಾಡ್ ಉಳಿಸಬಹುದು, ಎಣ್ಣೆ ಅಥವಾ ಬ್ರೇಕ್ ಆಯಿಲ್ ತಾಗಿಲ್ಲದಿದ್ದರೆ ಮಾತ್ರ. ತಾಗಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಒಳಗೆ ಹೀರಿಕೊಂಡಿರುತ್ತದೆ.

ತರಿಸಬೇಕಾದ್ದು: ಮುಂದಿನ ಎರಡೂ ಕ್ಯಾಲಿಪರಿಗೆ ಸೇರಿ 8 ಹೊಸ ಡ್ಯಾಂಪರ್, 4 ಹೊಸ ಕ್ಯಾಲಿಪರ್ ಬೋಲ್ಟ್, ಪಿನ್ ಮತ್ತು ಸ್ಪ್ರಿಂಗ್ ಕಿಟ್, ಒಂದು ಕ್ಯಾನ್ ಬ್ರೇಕ್ ಕ್ಲೀನರ್, ಸಣ್ಣ ಟ್ಯೂಬ್ ಸೆರಾಮಿಕ್ ಗ್ರೀಸ್. ಡ್ಯಾಂಪರ್ ತರಿಸುವಾಗ ಗಮನ ಇರಲಿ. ಒಂದೇ ಕ್ಯಾಲಿಪರಿನ ಪಿಸ್ಟನ್‌ಗಳು ಒಂದೇ ಅಳತೆಯಲ್ಲ. ಡಿಸ್ಕ್ ತಿರುಗುತ್ತಾ ಕ್ಯಾಲಿಪರಿನೊಳಗೆ ಬರುವ ಕಡೆಯದು ಚಿಕ್ಕದು, ಹೊರಹೋಗುವ ಕಡೆಯದು ದೊಡ್ಡದು. ಎರಡೂ ಒಂದೇ ಆಗಿದ್ದರೆ ಪ್ಯಾಡ್ ಓರೆಯಾಗಿ ಸವೆಯುತ್ತದೆ ಅಂತ ಹಾಗೆ ಮಾಡಿದ್ದಾರೆ. ಹಾಗಾಗಿ ಬಿಲ್ಲೆಯೂ ಎರಡು ಅಳತೆ.

ಗಾಡಿಯನ್ನು ಬರೀ ಜಾಕ್ ಮೇಲೆ ಬಿಟ್ಟು ಕೆಲಸ ಮಾಡಬೇಡಿ, ಸ್ಟ್ಯಾಂಡ್ ಕೊಡಿ. ಮುಂದಿನ ಡಿಕ್ಕಿಯಲ್ಲಿರುವ ಬ್ರೇಕ್ ಆಯಿಲ್ ಡಬ್ಬಿಯಿಂದ ಸ್ವಲ್ಪ ಸಿರಿಂಜಿನಲ್ಲಿ ಹೊರತೆಗೆಯಿರಿ. ಪಿಸ್ಟನ್ ಹಿಂದಕ್ಕೆ ತಳ್ಳಿದಾಗ ಉಕ್ಕಿದರೆ ಪೇಂಟ್ ತಿಂದುಹಾಕುತ್ತದೆ. ಪ್ಯಾಡ್ ಸವೆತದ ಸೆನ್ಸರ್ ವೈರನ್ನು ಎಳೆಯದೆ ನಾಜೂಕಾಗಿ ಬಿಡಿಸಿ. ಕ್ಯಾಲಿಪರ್ ಬಿಚ್ಚಿದ ಮೇಲೆ ಬ್ರೇಕ್ ಹೋಸಿನಲ್ಲಿ ನೇತಾಡಲು ಬಿಡದೆ ತಂತಿಯಿಂದ ಕಟ್ಟಿ. ಒಂದು ಪಿಸ್ಟನ್ ತಳ್ಳುವಾಗ ಎದುರಿನದು ಹೊರಗೆ ಬರುತ್ತದೆ, ಮರದ ತುಂಡು ಅಡ್ಡ ಕೊಡಿ.

ಪಟ್ಟಿಯ ಸ್ಕ್ರೂಗಳು ಮುರಿಯುವುದು ಹೆಚ್ಚು. ತಲೆಗೆ ಸರಿಯಾಗಿ ಕೂರುವ ಬಿಟ್ ಮಾತ್ರ ಬಳಸಿ, ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ (ಆಮೇಲೆ ಬ್ರೇಕ್ ಕ್ಲೀನರಿನಲ್ಲಿ ಪೂರ್ತಿ ತೊಳೆಯಲೇಬೇಕು). ಪಟ್ಟಿ ತೆಗೆದು ಅಡಿಯ ಬಿಳಿ ಪುಡಿಯನ್ನು ಹೆರೆದು, ಹೊಳೆಯುವ ಲೋಹ ಕಂಡ ಮೇಲೆ ನಿಲ್ಲಿಸಿ. ಅಲ್ಯುಮಿನಿಯಂ ತಿನ್ನುವವರೆಗೆ ಅರ ಹಾಕಬೇಡಿ. ಸ್ಕ್ರೂಗೆ ಥ್ರೆಡ್ ಲಾಕ್ (ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿ ಕೂರಿಸಿ. ಬ್ರೇಕ್ ಧೂಳನ್ನು ಕಂಪ್ರೆಸರ್ ಗಾಳಿಯಲ್ಲಿ ಊದಬೇಡಿ, ಶ್ವಾಸಕೋಶಕ್ಕೆ ಕೆಟ್ಟದ್ದು.

ಪ್ಯಾಡಿಗೆ: ದಪ್ಪ ಗಾಜಿನ ಮೇಲೆ 120 ನಂಬರಿನ ಉಪ್ಪುಕಾಗದ ಹರಡಿ, ಎಂಟರ ಆಕಾರದಲ್ಲಿ ಉಜ್ಜಿ ಹೊಳಪು ಹೋಗುವವರೆಗೆ. ಒಳಬರುವ ಮತ್ತು ಹೊರಹೋಗುವ ಅಂಚು ಚೂಪಾಗಿದ್ದರೆ 45 ಡಿಗ್ರಿಯಲ್ಲಿ 3 ಮಿ.ಮೀ. ಓರೆ ಮಾಡಿ. ಡಿಸ್ಕಿನ ತೂತುಗಳಲ್ಲಿ ಪ್ಯಾಡ್ ಪುಡಿ ಕಟ್ಟಿಕೊಂಡಿದ್ದರೆ ಡ್ರಿಲ್ ಬಿಟ್ಟನ್ನು ಕೈಯಲ್ಲೇ ತಿರುಗಿಸಿ ತೆಗೆಯಿರಿ.

ತಾಮ್ರದ ಗ್ರೀಸ್ ಬಗ್ಗೆ ಕೇಳಿದ್ದಿರಿ. ಬೇಡ. ಬಿಲ್ಲೆಯ ಅಂಟಿಗೆ ಗ್ರೀಸ್ ತಾಗಿದರೆ ಅಂಟುವುದೇ ಇಲ್ಲ, ಅಲ್ಯುಮಿನಿಯಂ ಪಕ್ಕ ತಾಮ್ರ ಇಡುವುದೂ ಒಳ್ಳೆಯದಲ್ಲ. ಸೆರಾಮಿಕ್ ಗ್ರೀಸ್ ಪ್ಯಾಡಿನ ಕಿವಿ ಪಟ್ಟಿಗೆ ತಾಗುವ ಜಾಗಕ್ಕೆ ಮಾತ್ರ, ಬೆರಳಲ್ಲಿ ಒರೆಸಿದಷ್ಟು ತೆಳುವಾಗಿ. ಪೆಟ್ರೋಲಿಯಂ ಗ್ರೀಸ್ ಪಿಸ್ಟನಿನ ರಬ್ಬರಿಗೆ ತಾಗಿದರೆ ರಬ್ಬರ್ ಉಬ್ಬಿ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಆಮೇಲೆ ಇದೇ ಕಥೆ ಮತ್ತೆ.

ಬಿಲ್ಲೆಯನ್ನು ಮೊದಲು ಪಿಸ್ಟನ್ ಬಾಯಿಗೆ ಕೂರಿಸಿ, ಅಂಟಿನ ಮೇಲಿನ ಹಾಳೆ ಕಿತ್ತು, ಪ್ಯಾಡ್ ಇಳಿಸಿ. ಕ್ಯಾಲಿಪರ್ ಬೋಲ್ಟ್ 85 ನ್ಯೂಟನ್ ಮೀಟರ್, ಚಕ್ರದ ಬೋಲ್ಟ್ 130. ಗಾಡಿ ಕದಲಿಸುವ ಮುಂಚೆ ಪೆಡಲ್ ಗಟ್ಟಿಯಾಗುವವರೆಗೆ ಹತ್ತಾರು ಸಲ ಒತ್ತಿ, ಇಲ್ಲದಿದ್ದರೆ ಮೊದಲ ಬ್ರೇಕಿಗೆ ಪೆಡಲ್ ನೆಲ ಮುಟ್ಟುತ್ತದೆ. ಡಬ್ಬಿಯಲ್ಲಿ ಆಯಿಲ್ ಮಟ್ಟವನ್ನೂ ಸರಿಮಾಡಿ. ಹೇಗೂ ಡಾಟ್ 4 ದರ್ಜೆಯ ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಕಾಲ ಆಗಿದ್ದರೆ ಈಗಲೇ ಮುಗಿಸಿಬಿಡಿ.

ಕೊನೆಗೆ ಪ್ಯಾಡ್ ಹದಕ್ಕೆ ತರುವುದು. ಬೆಳಗಿನ ಜಾವ ಖಾಲಿ ರಸ್ತೆಯಲ್ಲಿ 80ರಿಂದ 20ಕ್ಕೆ ಸ್ವಲ್ಪ ಗಟ್ಟಿಯಾಗಿ ಹತ್ತು ಸಲ, ನಡುವೆ ಅರ್ಧ ನಿಮಿಷ ಬಿಡುವು. ಪೂರ್ತಿ ನಿಲ್ಲಿಸಬೇಡಿ. ಬಿಸಿ ಡಿಸ್ಕಿಗೆ ಪ್ಯಾಡ್ ಒತ್ತಿ ನಿಂತರೆ ಅಲ್ಲಿ ಕಲೆ ಕೂತು ಮುಂದೆ ಸ್ಟೀರಿಂಗ್ ನಡುಗುತ್ತದೆ. ಆಮೇಲೆ ಹತ್ತು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ ತಣಿಸಿ. ಥರ್ಮಾಮೀಟರ್ ಮತ್ತೆ ಹಿಡಿಯಿರಿ. ಎಡ ಬಲ ಸಮಕ್ಕೆ ಬಂದಿದ್ದರೆ ಕೆಲಸ ಸರಿಯಾಗಿದೆ.

ಟ್ರ್ಯಾಕ್_ಭಾನುವಾರ:

ಇದನ್ನು ಓದುವ ಬೇರೆಯವರಿಗೂ ಒಂದು ಮಾತು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಅಥವಾ ಚೆನ್ನೈ ಪಕ್ಕದ ಟ್ರ್ಯಾಕಿಗೆಂದು ರೇಸ್ ಪ್ಯಾಡ್ ಹಾಕಿಸಿಕೊಂಡು ಊರೊಳಗೂ ಅದರಲ್ಲೇ ಓಡಾಡುವವರಿಗೆ ಮೇಲಿನದೆಲ್ಲ ಮಾಡಿಸಿದರೂ ಸದ್ದು ಪೂರ್ತಿ ಹೋಗುವುದಿಲ್ಲ. ಆ ಪ್ಯಾಡಿನ ಗುಣವೇ ಹಾಗೆ, ತಣ್ಣಗಿದ್ದಾಗ ಕಿರುಚುತ್ತದೆ, ಡಿಸ್ಕನ್ನೂ ಬೇಗ ತಿನ್ನುತ್ತದೆ. ರೇಸ್ ಪ್ಯಾಡ್ ತೆಗೆದು ಅದೇ ಡಿಸ್ಕಿಗೆ ರಸ್ತೆ ಪ್ಯಾಡ್ ಹಾಕಿದಾಗಲೂ ಕೆಲವು ದಿನ ಕೂಗುತ್ತದೆ, ಯಾಕೆಂದರೆ ಹಳೆಯ ಪ್ಯಾಡಿನ ಪದರ ಡಿಸ್ಕ್ ಮೇಲೆ ಉಳಿದಿರುತ್ತದೆ. ಡಿಸ್ಕನ್ನು ಉಪ್ಪುಕಾಗದದಲ್ಲಿ ಅಡ್ಡಾದಿಡ್ಡಿ ಉಜ್ಜಿ, ಕ್ಲೀನರಿನಲ್ಲಿ ತೊಳೆದು, ಹೊಸ ಪ್ಯಾಡನ್ನು ಮೇಲೆ ಹೇಳಿದ ಹಾಗೆ ಹದಕ್ಕೆ ತನ್ನಿ. ತಿಂಗಳಿಗೊಮ್ಮೆ ಟ್ರ್ಯಾಕಿಗೆ ಹೋಗುವವರಾದರೆ ಪ್ಯಾಡ್ ಮತ್ತು ಡಿಸ್ಕ್ ಜೋಡಿಯಾಗಿ ಎರಡು ಸೆಟ್ ಇಟ್ಟುಕೊಳ್ಳುವುದು ಒಳ್ಳೆಯದು, ಪ್ರತಿ ಡಿಸ್ಕಿನ ಮೇಲೆ ಎಡ–ಬಲ ಬರೆದಿಟ್ಟು.